ಮೂರು ಚೀಟಿ ಸೇರುವ ಕೌಂಟರು: ಊರಿನ ಡಾಕ್ಟರು, ಮೆಡಿಕಲ್‌ನವರು ಒಟ್ಟಿಗೆ ಕಲಿಯುವ ಬಗೆ

ಸಕಲೇಶಪುರದ ಕಡೆಯವರಿಗೆ ಕಾಯಿಲೆ ಸ್ವಲ್ಪ ಜೋರಾದರೆ ಎರಡು ದಾರಿ. ಮೂಡಲಿಗೆ ಹೋದರೆ ಹಾಸನ, ಘಾಟಿ ಇಳಿದರೆ ಮಂಗಳೂರು. ಬಿಪಿಗೆ ಹಾಸನ, ಮಂಡಿಗೆ ಮಂಗಳೂರು, ನೆಗಡಿ ಜ್ವರಕ್ಕೆ ನನ್ನಂಥ ಊರಿನ ಡಾಕ್ಟರು. ಮೂರು ಕಡೆಯಿಂದ ಮೂರು ಚೀಟಿ. ಹಾಸನದವರು ಮಂಗಳೂರಿನ ಚೀಟಿ ನೋಡಿರುವುದಿಲ್ಲ. ಮಂಗಳೂರಿನವರಿಗೆ ನಾನೊಬ್ಬ ಇದ್ದೇನೆಂಬುದೇ ಗೊತ್ತಿರುವುದಿಲ್ಲ. ಮೂರೂ ಚೀಟಿ ಒಟ್ಟಿಗೆ ಬಿಚ್ಚಿಕೊಳ್ಳುವ ಜಾಗ ಇಡೀ ಊರಿನಲ್ಲಿ ಒಂದೇ, ಮೆಡಿಕಲ್ ಅಂಗಡಿಯ ಗಾಜಿನ ಕೌಂಟರು.

ಕೆಲವು ವರ್ಷಗಳ ಹಿಂದೆ ತೋಟದ ಲೈನ್ ಮನೆಯ ಒಬ್ಬ ಅಜ್ಜಿ ನನ್ನ ಹತ್ತಿರ ಮೈಕೈ ನೋವೆಂದು ಬಂದರು. ಬೇರೆ ಏನೇನು ನುಂಗುತ್ತೀರಿ ಎಂದು ವಿಚಾರಿಸದೆ ಡೈಕ್ಲೋಫೆನಾಕ್ ಬರೆದೆ. ಅವರು ಆಗಲೇ ತಗೊಳ್ಳುತ್ತಿದ್ದ ಬಿಪಿ ಮಾತ್ರೆಯಲ್ಲಿ ಟೆಲ್ಮಿಸಾರ್ಟನ್ ಜೊತೆ ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಾಜೈಡ್ ಎಂಬ ಔಷಧಿಯೂ ಸೇರಿತ್ತು. ಮಂಡಿಗೆಂದು ಅಸಿಕ್ಲೋಫೆನಾಕ್ ಎಂಬ ಇನ್ನೊಂದು ನೋವಿನ ಮಾತ್ರೆ ಬೇರೆ ನಡೆಯುತ್ತಿತ್ತು. ಹತ್ತು ದಿನಕ್ಕೆ ಕಾಲು ಊದಿಕೊಂಡು, ಮೂತ್ರ ಕಡಿಮೆಯಾಗಿ ಬಂದರು. ಕಿಡ್ನಿ ಸೋಲುತ್ತಿದೆಯೆಂದು ತೋರಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಏರಿತ್ತು. ನೋವಿನ ಮಾತ್ರೆ ಎರಡನ್ನೂ ನಿಲ್ಲಿಸಿದ ಮೇಲೆ ನಿಧಾನಕ್ಕೆ ಇಳಿಯಿತು, ಪುಣ್ಯ.

ಆ ಮಾತ್ರೆ ಕೊಟ್ಟ ಮೆಡಿಕಲ್‌ನವರು ನನ್ನ ಕ್ಲಿನಿಕ್ಕಿನ ಎದುರು ರಸ್ತೆಯವರೇ. ಕೇಳಿದೆ. “ನನಗೆ ಗೊತ್ತಾಯ್ತು ಡಾಕ್ಟ್ರೇ. ಆದ್ರೆ ನಿಮಗೆ ಹೇಗೆ ಹೇಳೋದು ಅಂತ ಸುಮ್ಮನಾದೆ” ಅಂದರು. ನನಗೆ ಬೇಜಾರಾಗಿದ್ದು ಈ ಮಾತಿಗೆ. ಈ ಮಾತ್ರೆಗಳು ಒಟ್ಟಿಗೆ ಸೇರಬಾರದೆಂಬುದು ಇಬ್ಬರಿಗೂ ತಿಳಿದಿತ್ತು, ಒಬ್ಬರಿಗೊಬ್ಬರು ಹೇಳುವ ರೂಢಿ ಇರಲಿಲ್ಲ. ಆ ರೂಢಿ ತಾನಾಗಿ ಬರುವುದಿಲ್ಲ, ಕೂತು ಕಲಿಯಬೇಕು. ಆಮೇಲೆ ನಾವು ಕೆಲವರು ಸೇರಿ ಮಾಡಿದ್ದನ್ನು, ಎಡವಿ ತಿಳಿದುಕೊಂಡಿದ್ದನ್ನು ನಿಮ್ಮ ಊರಿನಲ್ಲಿ ಶುರು ಮಾಡುವವರಿಗೆಂದು ಬರೆದಿದ್ದೇನೆ.

ಹೆಜ್ಜೆ 1: ಒಂದೇ ರೋಗಿಗಳನ್ನು ನೋಡುವವರನ್ನು ಕರೆಯಿರಿ

ಜಿಲ್ಲಾ ಮಟ್ಟದಲ್ಲಿ ಹಾಲ್ ಹಿಡಿದು ನೂರು ಜನರನ್ನು ಕೂರಿಸುವ ಆಸೆ ಬಿಡಿ. ಅರಸೀಕೆರೆಯ ಡಾಕ್ಟರಿಗೂ ಸಕಲೇಶಪುರದ ಮೆಡಿಕಲ್‌ನವರಿಗೂ ನಡುವೆ ಓಡಾಡುವ ರೋಗಿ ಯಾರೂ ಇಲ್ಲ. ಅವರಿಬ್ಬರು ಕೈಕುಲುಕಿದರೂ ಒಂದೇ, ಬಿಟ್ಟರೂ ಒಂದೇ. ಒಂದು ಪೇಟೆ ಸಾಕು. ಐದಾರು ಡಾಕ್ಟರು, ಏಳೆಂಟು ಫಾರ್ಮಸಿಸ್ಟರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯನ್ನೂ ಅಲ್ಲಿನ ಫಾರ್ಮಸಿ ಅಧಿಕಾರಿಯನ್ನೂ ಬಿಡಬೇಡಿ. ಜನೌಷಧಿ ಕೇಂದ್ರವಿದ್ದರೆ ಅವರನ್ನೂ ಕರೆಯಿರಿ. ನಿಮ್ಮ ರೋಗಿ ಅಲ್ಲಿಗೂ ಹೋಗಿಯೇ ಹೋಗುತ್ತಾರೆ.

ಅಂಗಡಿಯಿಂದ ಯಾರು ಬರಬೇಕು ಎಂಬಲ್ಲಿ ಸಂಕೋಚ ಬೇಡ. ಡಾಕ್ಟರ ಚೀಟಿಯ ಮೇಲೆ ಔಷಧಿ ಕೊಡುವುದು ನೋಂದಾಯಿತ ಫಾರ್ಮಸಿಸ್ಟರ ಕೆಲಸ ಎಂದು 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಹೇಳುತ್ತದೆ. ಆದರೆ ಗೋಡೆಯ ಮೇಲಿನ ಸರ್ಟಿಫಿಕೇಟ್ ಒಬ್ಬರದು, ಗಲ್ಲಾಪೆಟ್ಟಿಗೆ ಇನ್ನೊಬ್ಬರದು, ಮಾತ್ರೆ ಎಣಿಸುವ ಕೈ ಮೂರನೆಯವರದು ಆಗಿರುವುದುಂಟು. ಕೂಟಕ್ಕೆ ಬೇಕಾದವರು ಸರ್ಟಿಫಿಕೇಟ್ ಇರುವವರು ಮತ್ತು ನಿಜಕ್ಕೂ ಕೌಂಟರಿನಲ್ಲಿ ನಿಲ್ಲುವವರು. ಮಾಲೀಕರು ಬಂದರೆ ಸಂತೋಷ, ಆದರೆ ಅವರನ್ನೇ ಕರೆದು ಮುಗಿಸಿದರೆ ಸೋಮವಾರ ಕೌಂಟರಿನಲ್ಲಿ ಏನೂ ಬದಲಾಗಿರುವುದಿಲ್ಲ.

ಬನ್ನಿ ಎಂದು ಒಪ್ಪಿಸಲು ಒಂದು ಸಣ್ಣ ದಾರಿ ಇದೆ. ವೈದ್ಯರು ಐದು ವರ್ಷಕ್ಕೆ ಕನಿಷ್ಠ 30 ಗಂಟೆ ಮುಂದುವರಿದ ಶಿಕ್ಷಣದಲ್ಲಿ ಭಾಗವಹಿಸಬೇಕೆಂದು 2002ರ ವೈದ್ಯಕೀಯ ನಡತೆಯ ನಿಯಮಾವಳಿ ಹೇಳಿತು. ಫಾರ್ಮಸಿಸ್ಟರಿಗೂ 2015ರ ನಿಯಮಾವಳಿಯಲ್ಲಿ ರಿಫ್ರೆಶರ್ ಕೋರ್ಸಿನ ಮಾತಿದೆ. ಡಾಕ್ಟರುಗಳ ಸಂಘವಾದ ಐಎಂಎ ಶಾಖೆಯನ್ನೂ ಔಷಧ ವ್ಯಾಪಾರಿಗಳ ಸಂಘವನ್ನೂ ಮೊದಲೇ ಸೇರಿಸಿಕೊಂಡು, ಆಯಾ ಕೌನ್ಸಿಲಿಗೆ ಅರ್ಜಿ ಹಾಕಿ, ಈ ಕೂಟಗಳಿಗೆ ಮಾನ್ಯತೆ ಕೇಳಿ. ಸಿಕ್ಕರೆ ಸರ್ಟಿಫಿಕೇಟಿನ ಆಸೆಗೆ ಬಂದವರಲ್ಲಿ ಅರ್ಧ ಜನ ಕೆಲಸದ ಆಸೆಗೆ ಉಳಿದುಕೊಳ್ಳುತ್ತಾರೆ.

ಹೆಜ್ಜೆ 2: ದಿನ, ಜಾಗ, ಊಟದ ದುಡ್ಡು

ತಿಂಗಳಿಗೊಂದು ಕೂಟ, ಎರಡು ಗಂಟೆ, ಒಟ್ಟು ಆರು. ಸಂತೆ ದಿನ ಬೇಡ. ಮಲೆನಾಡಿನಲ್ಲಾದರೆ ಕಾಫಿ ಕುಯ್ಲಿನ ಡಿಸೆಂಬರ್, ಜನವರಿ ಬೇಡ, ಆಗ ಅಂಗಡಿ ಬಿಟ್ಟು ಬರುವವರಿಲ್ಲ. ಭಾನುವಾರ ಮಧ್ಯಾಹ್ನ ಎರಡೂವರೆಯಿಂದ ನಮಗೆ ಹೊಂದಿಕೆಯಾಯಿತು.

ಕೂಟ ಯಾರ ಕ್ಲಿನಿಕ್ಕಿನಲ್ಲೂ ಬೇಡ, ಯಾರ ಅಂಗಡಿಯಲ್ಲೂ ಬೇಡ. ಶಾಲೆಯ ಕೋಣೆಯೊಂದು ಸಾಕು. ಮೆಡಿಕಲ್ ರೆಪ್ ಮೂಲಕ ಊಟ, ಬ್ಯಾಗು, ಪೆನ್ನು ಬರುತ್ತದೆಂದು ಯಾರಾದರೂ ಹೇಳಿದರೆ ನಯವಾಗಿ ಬೇಡವೆನ್ನಿ. ಕಂಪನಿಯ ಊಟ ಮಾಡಿ ಕಂಪನಿಯ ಮಾತ್ರೆಯ ಬಗ್ಗೆ ನೆಟ್ಟಗೆ ಮಾತಾಡುವುದು ಕಷ್ಟ. ತಲಾ ಇನ್ನೂರು ರೂಪಾಯಿ ಹಾಕಿಕೊಂಡರೆ ಅಕ್ಕಿರೊಟ್ಟಿ, ಚಟ್ನಿ, ಕಾಫಿ ಆಗಿ ಇನ್ನೂ ಮಿಗುತ್ತದೆ.

ಇನ್ನೊಂದು ಕಟ್ಟುನಿಟ್ಟು. ಕೋಣೆಯೊಳಗೆ ಎಲ್ಲರೂ ಎಲ್ಲರಿಗೂ “ನೀವು”. ಇಪ್ಪತ್ತು ವರ್ಷದಿಂದ ಅಂಗಡಿ ನಡೆಸುತ್ತಿರುವವರನ್ನು ನಿನ್ನೆ ಬಂದ ಡಾಕ್ಟರು “ಏನಪ್ಪಾ, ಆ ಮಾತ್ರೆ ಕಳ್ಸು” ಅನ್ನುವುದು ನಮ್ಮ ಕಡೆ ಸಹಜ. ಅವರು “ಸರಿ ಸರ್” ಅನ್ನುವುದೂ ಸಹಜ. ಏಕವಚನ ಕೇಳಿಸಿಕೊಂಡವರು ನಿಮ್ಮ ಚೀಟಿಯ ತಪ್ಪನ್ನು ಯಾಕೆ ಹೇಳಿಯಾರು? ಹೇಳಿದ್ದನ್ನು ಕೇಳಿ ನಗಬೇಡಿ. ಆರು ಕೂಟಗಳಲ್ಲಿ ನಮಗೆ ಅತಿ ಹೆಚ್ಚು ಫಲ ಕೊಟ್ಟ ನಿಯಮ ಇದೇ.

ಹೆಜ್ಜೆ 3: ಮೊದಲ ಕೂಟಕ್ಕೆ ಮುಂಚೆ ಜಾಗ ಬದಲಿಸಿ

ಪಾಠ ಶುರು ಮಾಡುವ ಮುಂಚೆ ಪ್ರತಿಯೊಬ್ಬ ಡಾಕ್ಟರೂ ಒಂದು ಸಂಜೆ ಎರಡು ಗಂಟೆ ಮೆಡಿಕಲ್‌ನ ಕೌಂಟರಿನ ಒಳಗೆ ನಿಲ್ಲಬೇಕು. ಸಲಹೆ ಕೊಡುವುದಕ್ಕಲ್ಲ, ನೋಡುವುದಕ್ಕೆ. ಪ್ರತಿಯೊಬ್ಬ ಫಾರ್ಮಸಿಸ್ಟರೂ ಒಂದು ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ಕೂರಬೇಕು. ರೋಗಿಯ ಒಪ್ಪಿಗೆ ಕೇಳಿ ಕೂರಿಸಿಕೊಳ್ಳಿ, ಬೇಡವೆಂದವರ ಸರದಿಯಲ್ಲಿ ಹೊರಗೆ ಕಳಿಸಿ.

ನಾನು ನಿಂತ ಸಂಜೆ ಕಂಡದ್ದು ಇಷ್ಟು. ಖಾಲಿ ಸ್ಟ್ರಿಪ್ಪಿನ ಒಂದು ತುಂಡು ತೋರಿಸಿ “ಇದೇ ಕೊಡಿ” ಎಂದವರು. ಹೆಸರಿದ್ದ ತುದಿ ಮನೆಯಲ್ಲಿದೆ, ತಂದಿರುವುದು ಬೆಳ್ಳಿ ಬಣ್ಣದ ಹಾಳೆ ಮಾತ್ರ. ಐದು ದಿನದ ಆ್ಯಂಟಿಬಯಾಟಿಕ್ ಚೀಟಿ ಹಿಡಿದು “ಎರಡು ದಿನದ್ದು ಸಾಕು, ನೋಡ್ಕೊಂಡು ಬರ್ತೀನಿ” ಎಂದ ಆಟೋ ಅಣ್ಣ. ದುಡ್ಡು ಕಡಿಮೆ ಇದ್ದದ್ದು ಅವರ ಮುಖದಲ್ಲೇ ಕಾಣುತ್ತಿತ್ತು. ಇಂಥವರು ನನ್ನೆದುರು ಕೂತಾಗ ತಲೆಯಾಡಿಸಿ ಹೋಗುತ್ತಾರೆ, ದುಡ್ಡಿನ ಮಾತು ಬಾಯಿಗೆ ಬರುವುದು ಕೌಂಟರಿನಲ್ಲಿ. ಮಧ್ಯೆ ನನ್ನದೇ ಒಂದು ಚೀಟಿ ಬಂತು. ನನ್ನ ಅಕ್ಷರವನ್ನು ನಾನೇ ಎರಡು ಸಲ ಓದಬೇಕಾಯಿತು. ಔಷಧಿಯ ಹೆಸರು ಸ್ಪಷ್ಟವಾಗಿ, ಸಾಧ್ಯವಾದಷ್ಟು ದೊಡ್ಡಕ್ಷರದಲ್ಲಿ, ಕಂಪನಿಯ ಬ್ರ್ಯಾಂಡ್ ಅಲ್ಲದ ಮೂಲ ಹೆಸರಿನಲ್ಲಿ, ಅಂದರೆ ಜೆನೆರಿಕ್ ಹೆಸರಿನಲ್ಲಿ ಬರೆಯಬೇಕೆಂದು ವೈದ್ಯರ ನಿಯಮಾವಳಿಗೆ 2016ರಲ್ಲೇ ತಿದ್ದುಪಡಿ ಆಗಿದೆ. ಗೊತ್ತಿದ್ದೂ ಬರೆದಿರಲಿಲ್ಲ.

ಕ್ಲಿನಿಕ್ಕಿನಲ್ಲಿ ಕೂತ ಫಾರ್ಮಸಿಸ್ಟರೊಬ್ಬರು ಆಮೇಲೆ ಹೇಳಿದ್ದು: “ಒಬ್ಬರ ಹಿಂದೆ ಒಬ್ಬರು. ನೀವು ಉಸಿರು ಬಿಡೋಕೂ ಪುರುಸೊತ್ತಿಲ್ಲ. ನಾನು ಫೋನ್ ಮಾಡಿದಾಗ ಯಾಕೆ ರೇಗ್ತೀರಿ ಅಂತ ಈಗ ಗೊತ್ತಾಯ್ತು.” ರೇಗುವುದಕ್ಕೆ ಅದು ನೆಪವಲ್ಲ, ಆದರೂ ಅವರು ನೋಡಿದ್ದು ಒಳ್ಳೆಯದಾಯಿತು.

ಇದೇ ವಾರ ಎಲ್ಲರಿಗೂ ಒಂದೊಂದು ಸಣ್ಣ ನೋಟ್‌ಬುಕ್ ಕೊಡಿ. ಫಾರ್ಮಸಿಸ್ಟರು ಚೀಟಿ ನೋಡಿ ಅನುಮಾನ ಬಂದಾಗಲೆಲ್ಲ ಒಂದು ಸಾಲು ಬರೆಯಲಿ: ಏನು ಅನುಮಾನ, ಏನು ಮಾಡಿದೆ. ಡಾಕ್ಟರು, ರೋಗಿ ತನಗೆ ತಿಳಿಯದ ಮಾತ್ರೆ ತಗೊಳ್ಳುತ್ತಿರುವುದು ಗೊತ್ತಾದಾಗಲೆಲ್ಲ ಬರೆಯಲಿ. ರೋಗಿಯ ಹೆಸರು, ಊರು, ಡಾಕ್ಟರ ಹೆಸರು ಬೇಡ. ಮುಂದಿನ ಆರೂ ಕೂಟಕ್ಕೆ ಪಠ್ಯಪುಸ್ತಕ ಇದೇ.

ಹೆಜ್ಜೆ 4: ಮುಜುಗರದ ಮಾತು ಮೊದಲು

ಮೊದಲ ಕೂಟದಲ್ಲಿ ಔಷಧಿಶಾಸ್ತ್ರ ಬೇಡ. ಒಬ್ಬರ ಬೆನ್ನ ಹಿಂದೆ ಇನ್ನೊಬ್ಬರು ಆಡುವ ಮಾತನ್ನು ಎದುರೆದುರು ಆಡಿಸಿ. ಡಾಕ್ಟರ ದೂರು: ನಾನು ಬರೆದದ್ದೊಂದು, ಅವರು ಕೊಟ್ಟದ್ದೊಂದು, ಚೀಟಿಯೇ ಇಲ್ಲದೆ ಎಲ್ಲ ಕೊಡುತ್ತಾರೆ, ಅವರೇ ಡಾಕ್ಟರಾಗಿಬಿಟ್ಟಿದ್ದಾರೆ. ಫಾರ್ಮಸಿಸ್ಟರ ದೂರು: ಪಕ್ಕದ ಅಂಗಡಿಯಲ್ಲಿ ಮಾತ್ರ ಸಿಗುವ ಬ್ರ್ಯಾಂಡ್ ಬರೆಯುತ್ತಾರೆ; ಕ್ಲಿನಿಕ್ಕಿನಲ್ಲೇ ಮಾತ್ರೆ ಕೊಟ್ಟು ಕಳಿಸುತ್ತಾರೆ; ಕಮಿಷನ್ ಕೇಳುವವರಿದ್ದಾರೆ.

ಇಲ್ಲಿ ಕಾನೂನಿನ ನಾಲ್ಕು ಸಾಲು ಎಲ್ಲರ ಕೈಯಲ್ಲಿರಲಿ. ಕಮಿಷನ್ ಕೊಡುವುದನ್ನೂ ತಗೊಳ್ಳುವುದನ್ನೂ 2002ರ ನಿಯಮಾವಳಿ ಡಾಕ್ಟರಿಗೆ ನಿಷೇಧಿಸಿದೆ. ಡಾಕ್ಟರು ತಮ್ಮ ಸ್ವಂತ ರೋಗಿಗೆ ಔಷಧಿ ಕೊಡಬಹುದು, ಅಂಗಡಿ ತೆರೆದು ಮಾರುವಂತಿಲ್ಲ. ಔಷಧ ನಿಯಮಗಳ ಷೆಡ್ಯೂಲ್ ಎಚ್ ಎಂಬ ಪಟ್ಟಿಯಲ್ಲಿರುವ ಔಷಧಿಗೆ ಚೀಟಿ ಬೇಕೇ ಬೇಕು. ಚೀಟಿಯಲ್ಲಿ ಬರೆದದ್ದರ ಬದಲು ಅದೇ ಸಾಲ್ಟ್, ಅಂದರೆ ಅದೇ ಮೂಲ ಔಷಧಿ ಇರುವ ಬೇರೆ ಕಂಪನಿಯದನ್ನೂ ಫಾರ್ಮಸಿಸ್ಟರು ತಾವಾಗಿ ಕೊಡುವಂತಿಲ್ಲ, ಔಷಧ ನಿಯಮಗಳಲ್ಲಿ ಅದು ಸ್ಪಷ್ಟವಾಗಿದೆ. “ಕಂಪನಿ ಬೇರೆ, ಮಾಲು ಅದೇ” ಎಂದು ಕೊಟ್ಟು ಕಳಿಸುವವರಿಗೆ ಈ ಕೊನೆಯ ಸಾಲು ಬಿಸಿ ಮುಟ್ಟಿಸುತ್ತದೆ. ಆದರೆ ಇದರ ಬೀಗದ ಕೈ ಇರುವುದು ಡಾಕ್ಟರ ಬಳಿಯೇ. ಜೆನೆರಿಕ್ ಹೆಸರು ಬರೆದರೆ ಬದಲಿಸುವ ಪ್ರಶ್ನೆಯೇ ಏಳುವುದಿಲ್ಲ.

ಈ ಕೂಟದಲ್ಲಿ ಜಗಳ ಆಗುತ್ತದೆ. ಆಗಲಿ. ನಡೆಸುವವರು ಡಾಕ್ಟರೊಬ್ಬರು, ಫಾರ್ಮಸಿಸ್ಟರೊಬ್ಬರು, ಇಬ್ಬರಿರಬೇಕು. ಒಬ್ಬರೇ ನಡೆಸಿದರೆ ಇನ್ನೊಂದು ಪಕ್ಷ ಬಾಯಿ ಬಿಡುವುದಿಲ್ಲ. ಮಾತು ಊರಿನ ಅಂಗಡಿಯೊಂದರ ಹೆಸರಿಗೆ ಬಂದ ಕೂಡಲೇ ತಡೆಯಿರಿ.

ಹೆಜ್ಜೆ 5: ಫೋನ್ ಮಾಡುವುದನ್ನು, ಫೋನ್ ಎತ್ತುವುದನ್ನು ಅಭ್ಯಾಸ ಮಾಡಿಸಿ

ಎರಡನೇ ಕೂಟ ಪೂರ್ತಿ ಇದಕ್ಕೇ ಇರಲಿ. ನಗು ಬರುತ್ತದೆ, ಆದರೂ ಮಾಡಿ. ಮಾಮೂಲಿ ಫೋನ್ ಹೀಗಿರುತ್ತದೆ:

“ಸರ್, ಈ ಚೀಟಿ ಸ್ವಲ್ಪ... ಕೊಡ್ಲಾ ಸರ್?”

“ಬರ್ದಿರೋದನ್ನ ಕೊಡ್ರೀ!”

ಕಟ್. ಇದರಲ್ಲಿ ತಪ್ಪು ಇಬ್ಬರದ್ದೂ. ಕೇಳಿದವರು ವಿಷಯ ಹೇಳಲಿಲ್ಲ, ಎತ್ತಿದವರು ಕೇಳಲಿಲ್ಲ. ಆಸ್ಪತ್ರೆಗಳಲ್ಲಿ ನರ್ಸುಗಳಿಗೆ ಕಲಿಸುವ ನಾಲ್ಕು ಮಾತಿನ ಕ್ರಮವೊಂದಿದೆ, ಅಮೆರಿಕದ ನೌಕಾಪಡೆಯಿಂದ ಬಂದದ್ದು: ಈಗ ಏನಾಗಿದೆ, ಹಿನ್ನೆಲೆ ಏನು, ನನಗೆ ಏನನ್ನಿಸುತ್ತದೆ, ಏನು ಮಾಡೋಣ. ಕನ್ನಡದಲ್ಲಿ ಅದು ಅರ್ಧ ನಿಮಿಷದ ಮಾತು:

“ನಮಸ್ಕಾರ ಡಾಕ್ಟ್ರೇ, ಎದುರು ಮೆಡಿಕಲ್‌ನಿಂದ. ನೀವು ಈಗ ಕಳಿಸಿದ ಮೈಕೈ ನೋವಿನ ಅಜ್ಜಿ ಇಲ್ಲಿದ್ದಾರೆ, ಡೈಕ್ಲೋಫೆನಾಕ್ ಬರೆದಿದ್ದೀರಿ. ಅವರು ಹಾಸನದ ಚೀಟಿಯಲ್ಲಿ ಟೆಲ್ಮಿಸಾರ್ಟನ್, ಹೈಡ್ರೋಕ್ಲೋರೋಥಯಾಜೈಡ್ ತಗೊಳ್ತಿದ್ದಾರೆ, ಮಂಡಿಗೆ ಅಸಿಕ್ಲೋಫೆನಾಕ್ ಕೂಡ ಇದೆ. ಕಿಡ್ನಿಗೆ ಹೊರೆ ಆಗಬಹುದು ಅನ್ನಿಸ್ತು. ಪ್ಯಾರಾಸಿಟಮಾಲ್ ಕೊಡ್ಲಾ, ಇಲ್ಲ ನಿಮ್ಮ ಹತ್ರ ವಾಪಸ್ ಕಳಿಸ್ಲಾ?”

ನಾಲ್ಕನೇ ಮಾತನ್ನು ನುಂಗಿಕೊಳ್ಳುವುದು ಫಾರ್ಮಸಿಸ್ಟರ ಅಭ್ಯಾಸ. ಸಲಹೆ ಕೊಡುವುದು ಅಧಿಕಪ್ರಸಂಗ ಎಂಬ ಭಯ. ಅದನ್ನೇ ಮತ್ತೆ ಮತ್ತೆ ಹೇಳಿಸಿ. ಚೀಟಿ ಪರಿಶೀಲಿಸುವುದು, ರೋಗಿಗೆ ವಿವರಿಸುವುದು ಫಾರ್ಮಸಿಸ್ಟರ ಕೆಲಸವೇ ಎಂದು 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿ ಹೇಳುತ್ತದೆ ಎಂಬುದನ್ನು ಆಗ ನೆನಪಿಸಿದರೆ ಬೆನ್ನು ನೆಟ್ಟಗಾಗುತ್ತದೆ. ಡಾಕ್ಟರ ಪಾಲಿಗೆ ಅಭ್ಯಾಸ ಇನ್ನೂ ಸಣ್ಣದು, ಇನ್ನೂ ಕಷ್ಟದ್ದು: ಮೊದಲ ಮಾತು “ಹೇಳಿ” ಆಗಿರಬೇಕು, ಕೊನೆಯ ಮಾತು “ಫೋನ್ ಮಾಡಿದ್ದು ಒಳ್ಳೇದಾಯ್ತು” ಆಗಿರಬೇಕು, ಫಾರ್ಮಸಿಸ್ಟರ ಅನುಮಾನ ತಪ್ಪಾಗಿದ್ದರೂ. ತಪ್ಪು ಅನುಮಾನಕ್ಕೆ ಬೈಸಿಕೊಂಡವರು ಸರಿ ಅನುಮಾನ ಬಂದ ದಿನ ಫೋನ್ ಮಾಡುವುದಿಲ್ಲ.

ಆಮೇಲೆ ಪಾತ್ರ ಬದಲಿಸಿ. ಡಾಕ್ಟರು ಫಾರ್ಮಸಿಸ್ಟರಾಗಿ ಫೋನ್ ಮಾಡಲಿ, ಫಾರ್ಮಸಿಸ್ಟರು ಡಾಕ್ಟರಾಗಿ ರೇಗಲಿ. ನಮ್ಮಲ್ಲಿ ಒಬ್ಬರು ನನ್ನನ್ನೇ ಎಷ್ಟು ಚೆನ್ನಾಗಿ ನಕಲು ಮಾಡಿದರೆಂದರೆ ಎಲ್ಲರೂ ನಕ್ಕರು, ನಾನು ಮಾತ್ರ ಸ್ವಲ್ಪ ತಡವಾಗಿ ನಕ್ಕೆ.

ಕೌಂಟರಿನ ಈಚೆಗಿನ ಮಾತಿಗೂ ಅಭ್ಯಾಸ ಬೇಕು. “ಚೀಟಿ ತಪ್ಪಿದೆ” ಎಂದು ರೋಗಿಯ ಮುಂದೆ ಹೇಳಬೇಡಿ. “ಡಾಕ್ಟರನ್ನ ಒಂದು ಮಾತು ಕೇಳ್ತೀನಿ, ಕೂತ್ಕೊಳಿ” ಸಾಕು.

ಹೆಜ್ಜೆ 6: ಚೀಟಿ ಹರಡಿಕೊಂಡು ಕೂರಿ

ಮೂರು, ನಾಲ್ಕು, ಐದನೇ ಕೂಟಗಳು ನೋಟ್‌ಬುಕ್ಕಿನ ಚೀಟಿಗಳಿಗೆ. ಇಬ್ಬರು ಡಾಕ್ಟರು, ಇಬ್ಬರು ಫಾರ್ಮಸಿಸ್ಟರ ಒಂದೊಂದು ಗುಂಪು ಮಾಡಿ. ಪ್ರತಿ ಗುಂಪಿಗೆ ಒಂದು ಪ್ರಸಂಗ, ಇಪ್ಪತ್ತು ನಿಮಿಷ. ಉಪನ್ಯಾಸ ಬೇಡ. ಪ್ರಾಜೆಕ್ಟರ್ ಇದ್ದರೆ ಕರೆಂಟು ಹೋಗುತ್ತದೆ, ಇಲ್ಲದಿದ್ದರೆ ನಿದ್ದೆ ಬರುತ್ತದೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಬೇರೆ ಪ್ರಸಂಗ ಇದ್ದಾವು. ನಮ್ಮ ಕಡೆ ಮತ್ತೆ ಮತ್ತೆ ಬರುವ ಕೆಲವನ್ನು ಹೇಳುತ್ತೇನೆ.

ಮೊದಲನೆಯದು ಥೈರಾಯ್ಡ್ ಮಾತ್ರೆ ಮತ್ತು ಕಾಫಿ. ಕಾಫಿ ನಾಡಿನಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಲೋಟ ಕೈಗೆ ಬರುತ್ತದೆ, ಲಿವೋಥೈರಾಕ್ಸಿನ್ ಮಾತ್ರೆ ಅದರ ಜೊತೆಗೇ ಒಳಗೆ ಹೋಗುತ್ತದೆ. ಕಾಫಿ ಆ ಔಷಧಿ ಮೈಗೆ ಹತ್ತುವುದನ್ನು ಕಡಿಮೆ ಮಾಡುತ್ತದೆ. ರಕ್ತದ ಥೈರಾಯ್ಡ್ ಪರೀಕ್ಷೆಯಲ್ಲಿ ಟಿಎಸ್‌ಎಚ್ ಏರಿತೆಂದು, ಅಂದರೆ ಔಷಧಿ ಸಾಲುತ್ತಿಲ್ಲವೆಂದು, ಡಾಕ್ಟರು ಡೋಸ್ ಏರಿಸುತ್ತಾ ಹೋಗುತ್ತಾರೆ. ಬರೀ ನೀರಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇದ್ದರೆ ನಾಲ್ಕು ಗಂಟೆ ಅಂತರ. ಇದನ್ನು ಯಾರು ಹೇಳಬೇಕು? ಡಾಕ್ಟರು “ಮೆಡಿಕಲ್‌ನವರು ಹೇಳ್ತಾರೆ” ಎಂದುಕೊಂಡಿರುತ್ತಾರೆ, ಮೆಡಿಕಲ್‌ನವರು “ಡಾಕ್ಟರು ಹೇಳಿರ್ತಾರೆ” ಎಂದು. ನಮ್ಮ ಒಪ್ಪಂದ: ಶುರು ಮಾಡುವಾಗ ಡಾಕ್ಟರು ಹೇಳುವುದು, ಪ್ರತಿ ತಿಂಗಳು ಮಾತ್ರೆ ಕೊಡುವಾಗ ಫಾರ್ಮಸಿಸ್ಟರು “ಕಾಫಿಗೆ ಎಷ್ಟು ಹೊತ್ತು ಮುಂಚೆ ತಗೊಳ್ತೀರಿ?” ಎಂದು ಕೇಳುವುದು. “ಕಾಫಿ ಜೊತೆ ತಗೋಬೇಡಿ” ಎಂದು ಹೇಳುವುದಕ್ಕಿಂತ ಹೀಗೆ ಕೇಳಿದರೆ ನಿಜ ಹೊರಗೆ ಬರುತ್ತದೆ.

ಎರಡನೆಯದು ಇನ್ಸುಲಿನ್ ಸಿರಿಂಜು. ಇದನ್ನು ಬಾಯಲ್ಲಿ ಹೇಳಬೇಡಿ, ಖಾಲಿ ಸಿರಿಂಜು, ನೀರಿನ ಬಾಟಲಿ ಇಟ್ಟು ಮಾಡಿಸಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಬಾಟಲಿಯಲ್ಲಿ ಒಂದು ಮಿಲಿಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಇನ್ಸುಲಿನ್ ಪೆನ್ನಿನ ಕಾರ್ಟ್ರಿಡ್ಜ್‌ನಲ್ಲಿ ಮಿಲಿಗೆ 100. ನೂರರ ಸಿರಿಂಜಿಗೆ ಕಿತ್ತಳೆ ಮುಚ್ಚಳ. 40ರ ಬಾಟಲಿಗೆ ಕಿತ್ತಳೆ ಸಿರಿಂಜು ಹಾಕಿ 20ರ ಗೆರೆಗೆ ಎಳೆದರೆ ಹೋಗುವುದು 8 ಯೂನಿಟ್. 100ರ ಇನ್ಸುಲಿನ್ನನ್ನು ಕೆಂಪು ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ 50 ಯೂನಿಟ್, ಅದು ಜೀವಕ್ಕೇ ಸಂಚಕಾರ. ನಮ್ಮ ಕೂಟದಲ್ಲಿ ಈ ಲೆಕ್ಕ ತಪ್ಪಿದವರು ಡಾಕ್ಟರುಗಳೇ, ಏಕೆಂದರೆ ಅವರು ಬರೆಯುತ್ತಾರೆ, ಎಳೆದು ತೋರಿಸುವವರು ಬೇರೆ. ಬಾಟಲಿ ಕೊಡುವಾಗ ಸಿರಿಂಜು ಇಲ್ಲಿಂದಲೇ ಕೊಡುವುದು, “ಮನೇಲಿದೆ” ಎಂದವರಿಗೆ ಮುಚ್ಚಳದ ಬಣ್ಣ ಕೇಳುವುದು, ಇದು ಅಂದೇ ಆದ ತೀರ್ಮಾನ.

ಮೂರನೆಯದು ಚಿಕ್ಕದು, ಆದರೆ ಕೊಲ್ಲುವಂಥದ್ದು. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ. ರೋಗಿ ಉಳಿದ ಮಾತ್ರೆಗಳ ಜೊತೆ ದಿನಾ ನುಂಗಿದರೆ ಮೂಳೆಮಜ್ಜೆಯೇ ಕುಸಿಯಬಹುದು. ಚೀಟಿಯಲ್ಲಿ “ವಾರಕ್ಕೆ 1” ಎಂದಷ್ಟೇ ಬರೆಯದೆ “ಸೋಮವಾರ ಮಾತ್ರ” ಎಂದು ಕನ್ನಡದಲ್ಲಿ ಬರೆಯಿರಿ. ಫಾರ್ಮಸಿಸ್ಟರು ಪೊಟ್ಟಣದ ಮೇಲೂ ಅದೇ ದಿನದ ಹೆಸರು ಬರೆದು, ನಾಲ್ಕು ವಾರದ್ದನ್ನಷ್ಟೇ ಕೊಡಲಿ. ಚೀಟಿಯಲ್ಲಿ ವಾರದ ಹೆಸರಿಲ್ಲದಿದ್ದರೆ ಫೋನ್ ಮಾಡದೆ ಕೊಡುವಂತಿಲ್ಲ.

ಜ್ವರದ ಮಾತಿಗೆ ಒಂದು ಕೂಟದ ಅರ್ಧ ಹೊತ್ತು ಎತ್ತಿಡಿ. ತೋಟದ ಕೆಲಸದವರು ಜ್ವರ ಬಂದರೆ ಮೊದಲು ಹೋಗುವುದು ಡಾಕ್ಟರ ಹತ್ತಿರವಲ್ಲ, ಮೆಡಿಕಲ್‌ಗೆ. “ಜ್ವರ, ಮೈಕೈ ನೋವು, ಒಂದು ಡೋಸ್ ಕೊಡಿ.” ಕೈಗೆ ಬರುವುದು ಬಹಳ ಸಲ ನೋವಿನ ಔಷಧಿ ಬೆರೆತ ಮಾತ್ರೆ. ಡೆಂಗಿ ಇದ್ದರೆ ಐಬುಪ್ರೊಫೇನ್, ಡೈಕ್ಲೋಫೆನಾಕ್, ಆಸ್ಪಿರಿನ್ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆಯವರಿಗೆ ಇದರ ಜೊತೆ ಮಂಗನ ಕಾಯಿಲೆಯ ಚಿಂತೆಯೂ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಾದ, ಉಣ್ಣೆ ಎಂಬ ರಕ್ತ ಹೀರುವ ಹುಳದಿಂದ ಹರಡುವ ಈ ಜ್ವರದಲ್ಲೂ ರಕ್ತಸ್ರಾವವಾಗುವುದುಂಟು. ಡಿಸೆಂಬರಿನಿಂದ ಬೇಸಿಗೆ ಮುಗಿಯುವವರೆಗೆ ಅದರ ಕಾಲ. ಆದ್ದರಿಂದ ಎರಡೂ ಕಡೆಯವರು ಒಪ್ಪಬೇಕಾದ ಸಾಲು ಒಂದೇ: ಕಾರಣ ತಿಳಿಯದ ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಇಲ್ಲ. ಕಾಡಿಗೆ ಹೋಗಿದ್ದೀರಾ, ಹತ್ತಿರದಲ್ಲಿ ಮಂಗ ಸತ್ತಿದೆಯಾ, ಹೊಟ್ಟೆನೋವು, ವಾಂತಿ, ಒಸಡಿನಲ್ಲಿ ರಕ್ತ ಇದೆಯಾ ಎಂದು ಫಾರ್ಮಸಿಸ್ಟರು ಕೇಳಿ, ಒಂದಕ್ಕೆ ಹೌದೆಂದರೂ ಅಂದೇ ಡಾಕ್ಟರ ಬಳಿಗೆ ಚೀಟಿ ಬರೆದು ಕಳಿಸಬೇಕು. ಫಾರ್ಮಸಿಸ್ಟರು ಡಾಕ್ಟರಿಗೆ ಚೀಟಿ ಬರೆಯುವುದೇ ಎಂದು ಒಬ್ಬರು ಹುಬ್ಬೇರಿಸಿದರು. ಹೌದು. ಮೂರು ಸಾಲಿನ ಚೀಟಿ, ಅಂಗಡಿಯ ಸೀಲು. ಅದನ್ನು ತಂದವರನ್ನು ಸರದಿಯಲ್ಲಿ ಮುಂದೆ ಬಿಡುವುದು ಡಾಕ್ಟರ ಮರ್ಯಾದೆ.

ಕೆಮ್ಮಿನದೂ ಇದೇ ದಾರಿ. ಎರಡು ವಾರ ದಾಟಿದ ಕೆಮ್ಮಿಗೆ ಮೂರನೇ ಸಿರಪ್ ಬಾಟಲಿ ಕೇಳುವವರನ್ನು ಡಾಕ್ಟರಿಗಿಂತ ಮೊದಲು ಕಾಣುವವರು ಫಾರ್ಮಸಿಸ್ಟರೇ. ಅವರನ್ನು ಕಫ ಪರೀಕ್ಷೆಗೆ ಕಳಿಸಿ. ಕ್ಷಯ ರೋಗಿಯ ಮಾಹಿತಿಯನ್ನು ಸರ್ಕಾರಕ್ಕೆ ತಿಳಿಸುವುದು 2012ರಿಂದ ಖಾಸಗಿ ಡಾಕ್ಟರಿಗೂ ಕಡ್ಡಾಯ. 2018ರ ಅಧಿಸೂಚನೆ ಕ್ಷಯದ ಔಷಧಿ ಮಾರುವ ಅಂಗಡಿಗಳನ್ನೂ ಅದರೊಳಗೆ ತಂದಿತು.

ಆ್ಯಂಟಿಬಯಾಟಿಕ್ ಬಗ್ಗೆ ಉಪದೇಶ ಎಲ್ಲರೂ ಕೇಳಿರುತ್ತಾರೆ, ಮತ್ತೆ ಬೇಡ. ಬದಲಿಗೆ ರಿಜಿಸ್ಟರು ತೆಗೆಸಿ. 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಷೆಡ್ಯೂಲ್ ಎಚ್1ರಲ್ಲಿ ಮೊದಲಿಗೆ 46 ಔಷಧಿಗಳಿದ್ದವು: ಮೇಲ್ದರ್ಜೆಯ ಆ್ಯಂಟಿಬಯಾಟಿಕ್‌ಗಳು, ಕ್ಷಯದ ಔಷಧಿಗಳು, ಚಟ ಹಿಡಿಸುವ ಕೆಲವು ಮಾತ್ರೆಗಳು. ಇವನ್ನು ಮಾರಿದಾಗ ಡಾಕ್ಟರ ಹೆಸರು ವಿಳಾಸ, ರೋಗಿಯ ಹೆಸರು, ಔಷಧಿ, ಪ್ರಮಾಣ ಬರೆದು ಮೂರು ವರ್ಷ ಇಡಬೇಕು. ಇನ್‌ಸ್ಪೆಕ್ಟರ್ ಬಂದಾಗ ತೋರಿಸಲೆಂದು ಇಟ್ಟ ಪುಸ್ತಕ ಅದು. ಅದರಿಂದ ರೋಗಿ, ಡಾಕ್ಟರ ಹೆಸರು ಬಿಟ್ಟು ಒಂದು ತಿಂಗಳ ಲೆಕ್ಕವನ್ನಷ್ಟೇ ಕೂಟಕ್ಕೆ ತಂದರೆ ಯಾವ ಔಷಧಿ ಎಷ್ಟು ಹೋಗಿದೆ ಎಂಬುದು ಕಣ್ಣಿಗೆ ಹೊಡೆಯುತ್ತದೆ. ಅದರಲ್ಲಿನ ಸೆಫಿಕ್ಸಿಮ್ ಎಂಬ ಆ್ಯಂಟಿಬಯಾಟಿಕ್‌ನ ಲೆಕ್ಕ ನೋಡಿ ನಾವು ಡಾಕ್ಟರುಗಳೇ ತಲೆ ತಗ್ಗಿಸಿದೆವು.

ಹೆಜ್ಜೆ 7: ಒಂದು ಹಾಳೆಯ ಒಪ್ಪಂದ, ಮತ್ತೆ ಅದರ ಲೆಕ್ಕ

ನೆದರ್ಲೆಂಡ್ಸ್‌ನಲ್ಲಿ ಒಂದೇ ಪ್ರದೇಶದ ಕುಟುಂಬ ವೈದ್ಯರೂ ಫಾರ್ಮಸಿಸ್ಟರೂ ನಿಯಮಿತವಾಗಿ ಕೂತು ಚೀಟಿಗಳ ಬಗ್ಗೆ ಮಾತಾಡುವ ಪದ್ಧತಿ ದಶಕಗಳಿಂದ ಇದೆ. ಅವರು ಆ ಗುಂಪುಗಳನ್ನು ನಾಲ್ಕು ಮೆಟ್ಟಿಲಲ್ಲಿ ಅಳೆಯುತ್ತಾರೆ. ಕ್ರಮವಾಗಿ ಕೂರದೆ ಇರುವುದು ಮೊದಲನೆಯದು. ಕೂತು ಮಾತಾಡುವುದು ಎರಡನೆಯದು. ಮಾತಾಡಿ ಸ್ಪಷ್ಟ ಒಪ್ಪಂದಕ್ಕೆ ಬರುವುದು ಮೂರನೆಯದು. ಒಪ್ಪಂದ ಪಾಲನೆಯಾಯಿತೇ ಎಂದು ಲೆಕ್ಕ ಹಾಕುವುದು ನಾಲ್ಕನೆಯದು. ನಮ್ಮಲ್ಲಿ ಬಹುತೇಕ ಎಲ್ಲ ತರಬೇತಿಯೂ ಎರಡನೇ ಮೆಟ್ಟಿಲಲ್ಲಿ ಗ್ರೂಪ್ ಫೋಟೋ ತೆಗೆಸಿಕೊಂಡು ಮುಗಿಯುತ್ತದೆ.

ಆರನೇ ಕೂಟದಲ್ಲಿ ಒಪ್ಪಂದವನ್ನು ಒಂದೇ ಹಾಳೆಯಲ್ಲಿ ಬರೆಯಿರಿ, ಏಳೆಂಟು ಸಾಲು ಮೀರದಂತೆ. ಡಾಕ್ಟರು ಯಾವ ಹೊತ್ತಿಗೆ ಯಾವ ನಂಬರಿನಲ್ಲಿ ಸಿಗುತ್ತಾರೆ ಎಂಬುದು ಮೊದಲ ಸಾಲು. ಅವರು ಊರಲ್ಲಿ ಇಲ್ಲದಾಗ ಯಾರನ್ನು ಕೇಳಬೇಕು ಎಂಬುದು ಎರಡನೆಯದು. ಈ ಎರಡು ಸಾಲು ಇಲ್ಲದ ಒಪ್ಪಂದ ಉಳಿದ ಎಷ್ಟೇ ಚೆನ್ನಾಗಿರಲಿ, ನಡೆಯುವುದಿಲ್ಲ. ಹಾಳೆಯನ್ನು ಲ್ಯಾಮಿನೇಟ್ ಮಾಡಿಸಿ ಗಲ್ಲಾಪೆಟ್ಟಿಗೆಯ ಪಕ್ಕ ಅಂಟಿಸಿ.

ವಾಟ್ಸಾಪ್ ಗುಂಪು ಬೇಕೆಂದು ಎಲ್ಲರೂ ಕೇಳುತ್ತಾರೆ. ಸ್ಟಾಕ್ ವಿಚಾರಕ್ಕೆ, ಮುಂದಿನ ಕೂಟದ ದಿನಕ್ಕೆ ಇರಲಿ. ರೋಗಿಯ ಹೆಸರಿರುವ ಚೀಟಿಯ ಫೋಟೋ ಅದರಲ್ಲಿ ಬರಕೂಡದು. ಸಣ್ಣ ಊರು, ಒಂದು ಫೋಟೋ ಸಂಜೆಯೊಳಗೆ ಬೀಗರ ಮನೆ ತಲುಪುತ್ತದೆ.

ಎರಡು ತಿಂಗಳ ಮೇಲೆ ಲೆಕ್ಕದ ಕೂಟ. ಎಷ್ಟು ಫೋನ್ ಹೋದವು, ಎಷ್ಟನ್ನು ಎತ್ತಲಾಯಿತು, ಎಷ್ಟು ಚೀಟಿ ಬದಲಾಯಿತು, ಎಷ್ಟು ಜನರನ್ನು ಅಂಗಡಿಯಿಂದ ಕ್ಲಿನಿಕ್ಕಿಗೆ ಕಳಿಸಲಾಯಿತು. ನಾಲ್ಕೇ ಅಂಕಿ, ನೋಟ್‌ಬುಕ್ಕಿನಿಂದಲೇ ಎಣಿಸಬಹುದು. ಅಂಗಡಿವಾರು, ಡಾಕ್ಟರುವಾರು ಹೆಸರು ಹೇಳಬೇಡಿ, ಮೊತ್ತ ಮಾತ್ರ ಹೇಳಿ. ಒಂದೂ ಫೋನ್ ಹೋಗಿಲ್ಲವೆಂದರೆ ಊರಿನ ಚೀಟಿಗಳೆಲ್ಲ ಸರಿಯಾಗಿವೆ ಎಂದುಕೊಳ್ಳಬೇಡಿ, ಎರಡನೇ ಕೂಟವನ್ನು ಮತ್ತೆ ಮಾಡಿ. ಔಷಧಿಯಿಂದ ತೊಂದರೆಯಾದ ಪ್ರಸಂಗಗಳನ್ನು ಅಲ್ಲಿಗೇ ಬಿಡದೆ 2010ರಲ್ಲಿ ಶುರುವಾದ ರಾಷ್ಟ್ರೀಯ ಔಷಧ ಸುರಕ್ಷತಾ ಕಾರ್ಯಕ್ರಮಕ್ಕೆ ವರದಿ ಮಾಡಿ. ಉಚಿತ ಸಹಾಯವಾಣಿ 1800-180-3024. ಡಾಕ್ಟರೇ ಮಾಡಬೇಕೆಂದಿಲ್ಲ, ಫಾರ್ಮಸಿಸ್ಟರೂ ಮಾಡಬಹುದು, ರೋಗಿಯೂ ಮಾಡಬಹುದು.

ಹೆಜ್ಜೆ 8: ರೋಗಿಯ ಕೈಗೊಂದು ಕಾರ್ಡು

ಆಸ್ಟ್ರೇಲಿಯಾದಲ್ಲಿ 2001ರಿಂದ ಕುಟುಂಬ ವೈದ್ಯರು ಕೇಳಿಕೊಂಡರೆ ಫಾರ್ಮಸಿಸ್ಟರು ರೋಗಿಯ ಮನೆಗೇ ಹೋಗಿ ಇರುವ ಔಷಧಿಗಳನ್ನೆಲ್ಲ ಪರಿಶೀಲಿಸಿ ವರದಿ ಕೊಡುವ ವ್ಯವಸ್ಥೆ ಇದೆ, ಸರ್ಕಾರ ಅದಕ್ಕೆ ದುಡ್ಡು ಕೊಡುತ್ತದೆ. ನಮಗೆ ಕೊಡುವವರಿಲ್ಲ. ನಾವು ಮಾಡಿಕೊಂಡಿದ್ದು ಅಂಗೈಯಗಲದ ಮಡಚುವ ಕಾರ್ಡು. ಐದು ಅಥವಾ ಹೆಚ್ಚು ಮಾತ್ರೆ ತಗೊಳ್ಳುವವರಿಗೆ ಮಾತ್ರ. ತಿಂಗಳ ಮಾತ್ರೆಗೆ ಬರುವಾಗ ಮನೆಯಲ್ಲಿರುವ ಎಲ್ಲ ಸ್ಟ್ರಿಪ್ಪುಗಳನ್ನೂ, ನಾಟಿ ಔಷಧಿ ಇದ್ದರೆ ಅದನ್ನೂ, ಒಂದು ಚೀಲದಲ್ಲಿ ತರಲು ಹೇಳುತ್ತೇವೆ. ಫಾರ್ಮಸಿಸ್ಟರು ಕಾರ್ಡಿನಲ್ಲಿ ಬರೆಯುತ್ತಾರೆ: ಔಷಧಿಯ ಹೆಸರು, ಯಾವುದಕ್ಕೆ, ಯಾವ ಹೊತ್ತಿಗೆ. ಡಾಕ್ಟರು ನೋಡಿ ಸಹಿ ಹಾಕುತ್ತಾರೆ, ಬೇಡದ್ದನ್ನು ಹೊಡೆದುಹಾಕುತ್ತಾರೆ. ಹಾಸನಕ್ಕೆ ಹೋದರೂ ಮಂಗಳೂರಿಗೆ ಹೋದರೂ ಕಾರ್ಡು ಮೊದಲು ಮೇಜಿನ ಮೇಲೆ.

ಹೊತ್ತನ್ನು 1-0-1 ಎಂದು ಬರೆಯದೆ “ಬೆಳಿಗ್ಗೆ ತಿಂಡಿ ಆದ ಮೇಲೆ”, “ರಾತ್ರಿ ಮಲಗುವಾಗ” ಎಂದು ಕನ್ನಡದಲ್ಲಿ ಬರೆಯಿರಿ. ಓದಲು ಬಾರದವರಿಗೆ ಸೂರ್ಯ, ಚಂದ್ರನ ಚಿತ್ರ ಸಾಕು. ದಪ್ಪ ಕಾಗದ ತಗೊಳ್ಳಿ, ಜೊತೆಗೆ ಪ್ಲಾಸ್ಟಿಕ್ ಕವರು. ಇಲ್ಲಿನ ಮಳೆಗೆ ಬರೀ ಕಾಗದ ಜುಲೈ ದಾಟುವುದಿಲ್ಲ. ಬಾಲ್ ಪೆನ್ನಲ್ಲೇ ಬರೆಯಿರಿ. ಮೊದಲ ಸಲ ಇನ್ನೂರಕ್ಕಿಂತ ಹೆಚ್ಚು ಛಾಪಿಸಬೇಡಿ, ಎರಡು ತಿಂಗಳಲ್ಲಿ ಅದರ ನಮೂನೆ ಹೇಗೂ ಬದಲಾಗುತ್ತದೆ.

ಆ ಲೈನ್ ಮನೆಯ ಅಜ್ಜಿ ತಮ್ಮ ಕಾರ್ಡನ್ನು ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಳ್ಳುತ್ತಾರೆ, ಕವರು ಬಿಚ್ಚಿ ಎಸೆದಿದ್ದಾರೆ. ಸುಣ್ಣ ಮೆತ್ತಿ ಮೂರನೇ ಸಾಲು ಕಾಣದಂತಾಗಿತ್ತು. ಹೋದ ತಿಂಗಳು ಎದುರು ಮೆಡಿಕಲ್‌ನವರು ಫೋನ್ ಮಾಡಿ, ಆ ಸಾಲಿನಲ್ಲಿ ಏನಿತ್ತೆಂದು ಕೇಳಿಕೊಂಡು, ಹೊಸದು ಬರೆದುಕೊಟ್ಟರು.